ಹಾಸನ ಸೀಮೆಯ ಗ್ರಂಥಕರ್ತರ ವ್ಯಾಸಂಗವೂ ರಚನಾಕ್ರಮವೂ

ಕನ್ನಡ ಸಾಹಿತ್ಯಚರಿತ್ರೆಯನ್ನು ಬರೆದಿರತಕ್ಕ ವಿದ್ವಾಂಸರು ಕವಿಯ ಕಾಲ, ಮತ, ಗುರುಪರಂಪರೆ, ಆಶ್ರಯದಾತನಾದ ದೊರೆ, ಪಡೆದ ಬಿರುದುಗಳು ಇವುಗಳನ್ನು ನಿರ್ಣಯಿಸುವುದಕ್ಕೆ ಅಪಾರವಾದ ಶ್ರಮವನ್ನು ವಹಿಸಿರುತ್ತಾರೆ. ಆ ಶ್ರಮವಿಲ್ಲದಿದ್ದರೆ ಮುಂದಿನ ಯಾವ ವಿಚಾರಕ್ಕೂ ನೆಲೆಯೇ ಇರುತ್ತಿರಲಿಲ್ಲ. ಆದರೆ ಕವಿಯು ಏನನ್ನು ಓದಿದನು, ಯಾರ ಬಾಯಿಂದ ಕೇಳಿದನು, ಯಾವುದರ ಮೇಲೆ ಬರೆದನು, ಬರೆದುದನ್ನು ತಿದ್ದಿದನೇ ಇಲ್ಲವೇ ಎಂಬ ಪ್ರಶ್ನೆಗಳು ಚರಿತ್ರೆಯ ಅಂಚಿನಲ್ಲಿಯೇ ಉಳಿದುವು. ಇದಕ್ಕೆ ಸಾಮಗ್ರಿಯ ಅಭಾವವೇ ಕಾರಣವೆಂದು ಹೇಳುವುದು ವಾಡಿಕೆ. ಈ ಮಾತು ಅರ್ಧ ಮಾತ್ರ ನಿಜ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳನ್ನೂ ಅವುಗಳ ಸುತ್ತಣ ಗ್ರಾಮಗಳನ್ನೂ ಒಂದು ಸೀಮೆಯೆಂದು ಭಾವಿಸಿ ನೋಡಿದರೆ, ಅಲ್ಲಿ ಹುಟ್ಟಿದ, ಅಲ್ಲಿಗೆ ಬಂದು ನೆಲಸಿದ, ಅಥವಾ ಅಲ್ಲಿಂದ ಹೊರಟುಹೋದ ಗ್ರಂಥಕರ್ತರ ಕೆಲಸದ ರೀತಿಯನ್ನು ತಿಳಿಸುವ ಸಾಕ್ಷ್ಯವು ಸಾವಿರ ವರ್ಷಗಳಿಗೂ ಮಿಕ್ಕು ಹರಡಿರುವುದು ಕಂಡುಬರುತ್ತದೆ. ಕೆಲವು ಬಂಡೆಯ ಮೇಲಿದೆ. ಕೆಲವು ಗ್ರಂಥಗಳ ಪೀಠಿಕೆಗಳಲ್ಲಿದೆ. ಈಚಿನ ಭಾಗವು ಗ್ರಂಥಕರ್ತರು ತಾವೇ ಬರೆದುಕೊಂಡ ಲೇಖನಗಳಲ್ಲಿಯೂ ಆತ್ಮಕಥೆಗಳಲ್ಲಿಯೂ ಇದೆ. ಒಂದು ಸೀಮೆಯಿಂದ ಅನೇಕ ಗ್ರಂಥಕರ್ತರು ಬಂದರೆ ಅದನ್ನು ನೆಲದ ಗುಣವೆಂದು ಹೊಗಳಿ ಸುಮ್ಮನಾಗುವುದು ಸುಲಭ. ಸಾಕ್ಷ್ಯವನ್ನು ಜೋಡಿಸಿ ನೋಡಿದಾಗ ತೋರುವುದು ಬೇರೆ. ಈ ಸೀಮೆಯವರಲ್ಲಿ ಹಲವರಿಗೆ ಕಿವಿಯ ವಿದ್ಯೆಯು ಕಣ್ಣಿನ ವಿದ್ಯೆಗಿಂತ ಮೊದಲು ಬಂದಿತು. ಮತ್ತು ಊರನ್ನು ಕುರಿತ ಅವರ ಮುಖ್ಯ ಗ್ರಂಥಗಳಲ್ಲಿ ಕೆಲವು ಊರಿನಿಂದ ಬಹು ದೂರದಲ್ಲಿ ಹುಟ್ಟಿದುವು. ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಉಂಟು. ಅವನ್ನು ಮುಚ್ಚಿಟ್ಟರೆ ವಿಚಾರಕ್ಕೆ ಬಲ ಬರುವುದಿಲ್ಲ.

ಚನ್ನರಾಯಪಟ್ಟಣದ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದಿಂದಲೇ ಆರಂಭಿಸತಕ್ಕದ್ದು. ರೈಸ್ ಸಾಹೇಬರು ೧೮೮೯ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಲ್ಲಿಯ ೧೪೪ ಶಾಸನಗಳಿದ್ದುವು, ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆಯು ೫೦೦ಕ್ಕೆ ಏರಿತು. ಚಿಕ್ಕಬೆಟ್ಟದ ಬಂಡೆಗಳ ಮೇಲೆ, ಕ್ರಿ. ಶ. ಏಳನೆಯ ಶತಮಾನದಿಂದ ಮೊದಲುಗೊಂಡು, ಸಲ್ಲೇಖನದಿಂದ ದೇಹವಿಟ್ಟವರ ನೆನಪಿಗಾಗಿ ಕೊರೆದ ಪದ್ಯಗಳಿವೆ. ನಂದಿಸೇನನ ವಿಷಯವಾದ, ಸುಮಾರು ೭೦೦ರ ಪದ್ಯವು ಕನ್ನಡದ ಅತ್ಯಂತ ಪ್ರಾಚೀನವಾದ ಭಾವಗೀತಗಳಲ್ಲಿ ಒಂದೆಂದು ಎಣಿಸತಕ್ಕದ್ದು. ಅದನ್ನು ಕಟ್ಟಿದವನ ಹೆಸರಿಲ್ಲ. ಸತ್ತವನ ಹೆಸರು ಉಳಿಯಬೇಕಾಗಿತ್ತು, ಬರೆದವನದಲ್ಲ.

ಇದೇ ಬೆಟ್ಟದ ಮೇಲೆ ಮೂರು ಶತಮಾನಗಳ ತರುವಾಯ ಇದಕ್ಕೆ ನೇರವಾಗಿ ವಿರುದ್ಧವಾದ ಒಂದು ಕೆಲಸವು ನಡೆದಿದೆ. 'ಕವಿರತ್ನ' ಎಂಬ ಅಕ್ಷರಗಳು ಬಂಡೆಯಲ್ಲಿ ಕೊರೆಯಲ್ಪಟ್ಟಿವೆ. ಇವು ರನ್ನನವೆಂದು ವಿದ್ವಾಂಸರ ಅಭಿಪ್ರಾಯ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿಯು ವಿದ್ಯೆಗಾಗಿ ಗಂಗರ ನಾಡಿಗೆ ಬಂದು, ಚಾವುಂಡರಾಯನ ಆಶ್ರಯವನ್ನು ಪಡೆದು, ಅಜಿತಸೇನಾಚಾರ್ಯರಲ್ಲಿ ವ್ಯಾಸಂಗ ಮಾಡಿದನು. ವ್ಯಾಸಂಗವೆಂದರೆ ಆ ಕಾಲದಲ್ಲಿ ಗುರುವಿನ ಬಾಯಿಂದ ಕೇಳಿ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು. ಓಲೆಯ ಪುಸ್ತಕವು ಮರೆವಿಗೆ ಮದ್ದು ಮಾತ್ರ. ಪುಸ್ತಕವು ಎಷ್ಟು ದುರ್ಲಭವಾಗಿದ್ದಿತೆಂಬುದಕ್ಕೆ ರನ್ನನ ಪೋಷಕಳಾದ ಅತ್ತಿಮಬ್ಬೆಯ ಚರಿತ್ರೆಯೇ ಸಾಕ್ಷಿ: ಪೊನ್ನನ ಶಾಂತಿಪುರಾಣವು ಅಳಿದುಹೋಗದಿರಲೆಂದು ಆಕೆ ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರ ಪ್ರತಿಗಳೆಂದರೆ ಗರಿಯನ್ನು ಹದಮಾಡುವವರು, ಕಂಠದಿಂದ ಕೊರೆಯುವವರು, ಮೂಲದೊಡನೆ ಹೋಲಿಸಿ ನೋಡುವವರು ಇವರ ಒಂದು ದಂಡೇ ಬೇಕು. ಚರಿತ್ರೆಯು ದಾನವನ್ನು ನೆನೆಯುತ್ತದೆ, ಲಿಪಿಕಾರರನ್ನು ನೆನೆಯುವುದಿಲ್ಲ.

ರೂವಾರಿಗಳ ವಿಷಯದಲ್ಲಿ ಮಾತ್ರ ಬೆಳಗೊಳವು ಹೆಚ್ಚು ಉದಾರವಾಗಿದೆ. ೧೧೨೯ರ ಮಲ್ಲಿಷೇಣಪ್ರಶಸ್ತಿಯನ್ನು ಕೊರೆದವನು ಗಂಗಾಚಾರಿ. 'ಬಿರುದರೂವಾರಿಮುಖತಿಲಕ'ನೆಂಬುದು ಅವನ ಬಿರುದು. ಪದ್ಯವನ್ನು ಕಟ್ಟಿದವನು ಎಷ್ಟು ಪಂಡಿತನೋ ಅದನ್ನು ಕಲ್ಲಿಗೆ ಇಳಿಸಿದವನೂ ಅಷ್ಟೇ ಅಭಿಮಾನಿಯೆಂಬುದು ಇದರಿಂದ ವಿಶದವಾಗುತ್ತದೆ. ಸುಮಾರು ೧೧೮೦ರಲ್ಲಿ ಬೊಪ್ಪಣಪಂಡಿತನು ಗೊಮ್ಮಟನನ್ನು ಸ್ತುತಿಸಿ ರಚಿಸಿದ ಶಾಸನಕಾವ್ಯವೂ ಇಲ್ಲಿಯದೇ. ಕಲ್ಲಿಗೆಂದು ಬರೆಯುವವನ ಕಷ್ಟವು ಓಲೆಗೆಂದು ಬರೆಯುವವನಿಗೆ ಇಲ್ಲ. ಶಿಲೆಯ ಅಳತೆಯು ಮೊದಲೇ ಗೊತ್ತಾಗಿರುತ್ತದೆ. ಮಿತಿ ಮೀರಿದರೆ ಸ್ಥಳವಿಲ್ಲ. ಅಕ್ಷರವು ಬಿಟ್ಟುಹೋದರೆ ಸಾಲುಗಳ ನಡುವೆ ಸೇರಿಸಬೇಕು, ಮತ್ತು ಆ ತಿದ್ದುಪಡಿಯನ್ನು ಊರೆಲ್ಲ ನೋಡುತ್ತದೆ. ಆದುದರಿಂದ ತಿದ್ದುವ ಕೆಲಸವೆಲ್ಲ ಉಳಿಯು ಕಲ್ಲನ್ನು ಮುಟ್ಟುವ ಮೊದಲೇ ಮುಗಿದಿರಬೇಕು.

ಈ ಶಿಕ್ಷಣದ ಫಲವು ಜನ್ನನಲ್ಲಿ ಕಾಣುತ್ತದೆ. ಚನ್ನರಾಯಪಟ್ಟಣದ ೧೭೯ನೆಯ ಶಾಸನವು (೧೧೯೧) ಮತ್ತು ತರೀಕೆರೆಯ ೪೫ನೆಯ ಶಾಸನವು (೧೧೯೭) ಇವನ ರಚನೆಗಳು. ಯಶೋಧರಚರಿತೆಯು ಪೂರ್ಣವಾದುದು ೧೨೦೯ರಲ್ಲಿ, ಅನಂತನಾಥಪುರಾಣವು ೧೨೩೦ರಲ್ಲಿ. ಎಂದರೆ ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಈ ಕವಿಯು ತನ್ನ ಮೊದಲನೆಯ ದೊಡ್ಡ ಕಾವ್ಯಕ್ಕೆ ಹದಿನೆಂಟು ವರ್ಷ ಮೊದಲೇ ಕಲ್ಲಿಗೆಂದು ಪದ್ಯವನ್ನು ಅಳೆದು ಕೊಡುತ್ತಿದ್ದನು. ಯಶೋಧರಚರಿತೆಯು ಚಂಪುವಿನ ಹಾದಿಯನ್ನು ಬಿಟ್ಟು ಬಹುಮಟ್ಟಿಗೆ ಕಂದಪದ್ಯಗಳಲ್ಲಿ, ನಾಲ್ಕೇ ಅವತಾರಗಳಲ್ಲಿ ಮುಗಿಯುವ ಚಿಕ್ಕ ಕಾವ್ಯ. ಆ ಸಂಕ್ಷೇಪವನ್ನು ಜನ್ನನ ಪ್ರತಿಭೆಗೆ ಮಾತ್ರ ಒಪ್ಪಿಸುವುದು ರೂಢಿಯಾಗಿದೆ. ಶಾಸನರಚನೆಯ ಅಭ್ಯಾಸಕ್ಕೂ ಅದರಲ್ಲಿ ಪಾಲುಂಟೆಂದು ಹೇಳುವುದರಿಂದ ಪ್ರತಿಭೆಗೆ ಕುಂದೇನೂ ಬಾರದು. ಅನಂತನಾಥಪುರಾಣವನ್ನು ಬರೆಯುವ ಹೊತ್ತಿಗೆ ಕವಿಯು ಮತ್ತೆ ಪ್ರೌಢಚಂಪುವಿಗೆ ಹಿಂದಿರುಗಿದನೆಂಬುದನ್ನೂ ಇದರ ಜೊತೆಗೆ ಹೇಳತಕ್ಕದ್ದು. ಅಭ್ಯಾಸವು ಶಾಶ್ವತವಾದ ಬಂಧನವಲ್ಲ.

ಜನ್ನನ ಮನೆತನವೇ ಒಂದು ಗ್ರಂಥಾಲಯದಂತೆ ಇದ್ದಿತು. ತಂದೆ ಸುಮನೋಬಾಣನು ವಿದ್ವಾಂಸ. ಭಾವಮೈದುನನಾದ ಮಲ್ಲಿಕಾರ್ಜುನನು ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ, ವಿಷಯಾನುಸಾರವಾಗಿ ವಿಂಗಡಿಸಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಸೂಕ್ತಿಸುಧಾರ್ಣವವನ್ನು ಸಂಕಲಿಸಿದನು. ಅವನ ಮಗ ಕೇಶಿರಾಜನು ಶಬ್ದಮಣಿದರ್ಪಣದ ಸೂತ್ರಗಳಿಗೆ ಪೂರ್ವಕವಿಗಳಿಂದ ಉದಾಹರಣೆಗಳನ್ನು ತೆಗೆದುಕೊಟ್ಟನು. ಈ ಎರಡು ಗ್ರಂಥಗಳನ್ನು ಸಾಮಾನ್ಯವಾಗಿ ಒಂದನ್ನು ಸಂಕಲನವೆಂದೂ ಇನ್ನೊಂದನ್ನು ವ್ಯಾಕರಣವೆಂದೂ ಬೇರೆ ಬೇರೆಯಾಗಿ ಓದುತ್ತಾರೆ. ಒಂದೇ ಮನೆಯವರು ಓದುವಾಗ ಗುರುತು ಹಾಕಿಕೊಂಡ ಟಿಪ್ಪಣಿಗಳು ಎರಡು ದಾರಿಯಲ್ಲಿ ಗ್ರಂಥವಾದುವೆಂದು ತಿಳಿದರೆ, ಹದಿಮೂರನೆಯ ಶತಮಾನದ ವಿದ್ಯಾವಂತನೊಬ್ಬನ ಓದಿನ ಬಗೆಯು ಕಣ್ಣಿಗೆ ಕಟ್ಟಿದಂತಾಗುತ್ತದೆ. ಹೊಯ್ಸಳರ ದೋರಸಮುದ್ರವು ಹಾಸನಕ್ಕೆ ಸಮೀಪವೇ. ಇಂತಹ ಮನೆತನಗಳು ಅದರ ಆಸ್ಥಾನದ ಸುತ್ತ ಬೆಳೆದುವು.

ಅಲ್ಲಿಂದ ನಾಲ್ಕು ಶತಮಾನಗಳನ್ನು ಬೇಗನೆ ದಾಟಬಹುದು. ಬೆಳಗೊಳದ ಪಂಚಬಾಣನೊಬ್ಬನನ್ನು ಮಾತ್ರ ಬಿಡಲಾಗದು. ಇವನ ಭುಜಬಲಿಚರಿತೆಯ ಕಾಲ ೧೬೧೪. ಅದರಲ್ಲಿ ೧೬೧೨ರ ಮಸ್ತಕಾಭಿಷೇಕದ ಉಲ್ಲೇಖವಿದೆ. ಪುರಾಣದ ಭುಜಬಲಿಯ ಕಥೆಗೆ ಎರಡು ವರ್ಷದ ಹಿಂದೆ ತನ್ನ ಊರಿನಲ್ಲಿ ನಡೆದ ಉತ್ಸವವನ್ನು ಸೇರಿಸುವುದು ಹೊಸ ಮನೋಧರ್ಮ. ಕವಿಯು ಗುರುವಿನಿಂದ ಕೇಳಿದುದರ ಪಕ್ಕದಲ್ಲಿ ತನ್ನ ಕಾಲದಲ್ಲಿ ಆದುದನ್ನೂ ಇಟ್ಟನು.

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣವು ಸಂಗೀತಗಾರರ ಊರೆಂದು ಹೆಸರಾಗಿದೆ. ಆರ್. ಶಾಮಶಾಸ್ತ್ರಿಗಳು ೧೮೬೮ರಲ್ಲಿ ಹುಟ್ಟಿದುದೂ ಅಲ್ಲಿಯೇ. ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಇವರು ಕೆಲಸದಲ್ಲಿದ್ದಾಗ ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗಳ ಒಂದು ಕಟ್ಟನ್ನು ತಂದೊಪ್ಪಿಸಿದರು. ಆ ಕಟ್ಟಿನಲ್ಲಿ ಇದ್ದುದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಶಾಸ್ತ್ರಿಗಳು ಗುರುತಿಸಿದುದು ೧೯೦೫ರಲ್ಲಿ. ಮೂಲವು ಅಚ್ಚಾದುದು ೧೯೦೯ರಲ್ಲಿ. ಇಂಗ್ಲಿಷ್ ಅನುವಾದವು ಪುಸ್ತಕರೂಪವಾಗಿ ಬಂದುದು ೧೯೧೫ರಲ್ಲಿ. ಶಾಸ್ತ್ರಿಗಳನ್ನು ಸಾಹಿತಿಗಳ ಸಾಲಿಗೆ ಸೇರಿಸುವುದು ಯುಕ್ತವೇ ಎಂದು ಕೆಲವರು ಆಕ್ಷೇಪಿಸಬಹುದು. ಓದುವುದೂ ಒಂದು ರಚನೆಯೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನವು ಈ ಸೀಮೆಯಲ್ಲಿ ಇಲ್ಲವಾದಕಾರಣ ಅವರನ್ನು ಬಿಡುವಂತಿಲ್ಲ. ಇತರ ಗ್ರಂಥಗಳಲ್ಲಿಯ ಉಲ್ಲೇಖಗಳಿಂದ ಮಾತ್ರ ಪಂಡಿತಲೋಕಕ್ಕೆ ಪರಿಚಿತವಾಗಿದ್ದ ಒಂದು ಶಾಸ್ತ್ರವು, ಓಲೆಯ ಮೇಲಿನ ಗೆರೆಗಳನ್ನು ತಾಳ್ಮೆಯಿಂದ ಕೂಡಿಸಿದ ಒಬ್ಬ ಓದುಗನ ದೆಸೆಯಿಂದ ಮತ್ತೆ ಗ್ರಂಥವಾಯಿತು.

ಇದೇ ಬಗೆಯ ಓದಿನ ತಪಸ್ಸನ್ನು ಹೊಳೆನರಸೀಪುರದಲ್ಲಿ ಇನ್ನೊಬ್ಬರು ನಡೆಸಿದರು. ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು (೧೮೮೦-೧೯೭೫) ಪೂರ್ವಾಶ್ರಮದಲ್ಲಿ ಯಲ್ಲಂಬಳಸೆ ಸುಬ್ಬರಾಯಶರ್ಮರೆಂಬ ಉಪಾಧ್ಯಾಯರಾಗಿದ್ದರು. ೧೯೨೦ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿ, ೧೯೩೭ರಲ್ಲಿ ಅದನ್ನು ಹೊಳೆನರಸೀಪುರಕ್ಕೆ ಸಾಗಿಸಿದರು. ೧೯೪೮ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿದರು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಈ ಮೂರು ಭಾಷೆಗಳಲ್ಲಿ ಇವರ ಗ್ರಂಥಗಳು ಇನ್ನೂರಕ್ಕೂ ಮಿಕ್ಕಿವೆ. ಇಷ್ಟು ಸಂಖ್ಯೆಯನ್ನು ಕೇಳಿದಾಗ ಅವಸರದ ಬರೆವಣಿಗೆಯೆಂಬ ಸಂಶಯವು ಹುಟ್ಟುವುದು ಸಹಜ. ಆದರೆ ಇವರ ಕೆಲಸದ ಕ್ರಮವು ಅವಸರಕ್ಕೆ ಎಡೆಗೊಡತಕ್ಕದ್ದಲ್ಲ. ಶಂಕರರ ಭಾಷ್ಯಗಳಿಗೆ ಪಂಚಪಾದಿಕೆ, ಭಾಮತೀ ಮೊದಲಾದ ವ್ಯಾಖ್ಯಾನಗಳ ಕನ್ನಡಕವನ್ನು ಹಾಕಿಕೊಂಡೇ ಓದುವುದು ಪಂಡಿತರ ಪದ್ಧತಿಯಾಗಿದ್ದಿತು. ಸುಬ್ಬರಾಯಶರ್ಮರು ಆ ಪದ್ಧತಿಯನ್ನು ಬಿಟ್ಟು, ಒಂದು ಭಾಷ್ಯದ ಮಾತನ್ನು ಮತ್ತೊಂದು ಭಾಷ್ಯದ ಮಾತಿನಿಂದ ಹೋಲಿಸಿ, ಶಂಕರರ ಅಭಿಪ್ರಾಯವನ್ನು ಶಂಕರರಿಂದಲೇ ತಿಳಿಯಬೇಕೆಂದು ಹಟಹಿಡಿದರು. ಈ ಓದಿನಿಂದ ಹುಟ್ಟಿದುದು ೧೯೨೯ರಲ್ಲಿ ಪ್ರಕಟವಾದ ಮೂಲಾವಿದ್ಯಾನಿರಾಸ. ಅದು ಪಂಡಿತವರ್ಗದಲ್ಲಿ ತೀವ್ರವಾದ ವಿವಾದವನ್ನು ಎಬ್ಬಿಸಿತು. ೧೯೬೪ರ ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ ಎಂಬ ಬೃಹದ್ಗ್ರಂಥವನ್ನು ನೋಡಿದರೆ, ಮೂವತ್ತೈದು ವರ್ಷಗಳ ಬಳಿಕವೂ ಅವರು ಅದೇ ಪ್ರಶ್ನೆಯನ್ನು ಹೊಸದಾಗಿ ಓದುತ್ತಿದ್ದುದು ಸ್ಪಷ್ಟವಾಗುತ್ತದೆ.

ಇವರ ಬರೆವಣಿಗೆಯನ್ನು ಕಟ್ಟಿನಿಟ್ಟಾಗಿ ನಡೆಸಿದುದು 'ಅಧ್ಯಾತ್ಮಪ್ರಕಾಶ' ಮಾಸಪತ್ರಿಕೆ. ತಿಂಗಳಿಗೊಮ್ಮೆ ಸಂಚಿಕೆ ಹೊರಡಲೇಬೇಕಾದ ನಿರ್ಬಂಧವು ದೊಡ್ಡ ಗ್ರಂಥವನ್ನು ತುಂಡು ತುಂಡಾಗಿ ಮಾಡಿಸುತ್ತದೆ. ತುಂಡುಗಳನ್ನು ಓದಿದ ಗೃಹಸ್ಥರ ಪ್ರಶ್ನೆಗಳು ಹಿಂದಿರುಗಿ ಬಂದು ಮುಂದಿನ ತುಂಡನ್ನು ತಿದ್ದುತ್ತವೆ. ಸಂಸ್ಕೃತದ ಪರಿಭಾಷೆಯನ್ನು ಮನೆಯ ಕನ್ನಡಕ್ಕೆ ಇಳಿಸಿದ ಇವರ ಭಾಷಾಂತರಗಳ ತಿಳಿಯಾದ ಗದ್ಯಕ್ಕೆ ಸಾಹಿತ್ಯಚರಿತ್ರೆಯಲ್ಲಿ ಸಿಕ್ಕಬೇಕಾದ ಸ್ಥಾನವು ಸಿಕ್ಕಿಲ್ಲ. ವೇದಾಂತವೆಂಬ ಚೀಟಿಯನ್ನು ಅಂಟಿಸಿ ಬೇರೆ ಕಪಾಟಿನಲ್ಲಿ ಇಟ್ಟುಬಿಟ್ಟಿರುವುದೇ ಇದಕ್ಕೆ ಕಾರಣ. ಊರಿನಿಂದ ದೂರವಾದವರು ಮಾತ್ರ ಬರೆದರೆಂಬ ಮಾತಿಗೆ ಇವರು ಮೊದಲನೆಯ ಪ್ರತಿವಾದ: ಇವರು ರಾಜಧಾನಿಯನ್ನು ಬಿಟ್ಟು ಹೇಮಾವತಿಯ ದಡದ ಸಣ್ಣ ಊರಿಗೆ ಬರೆಯುವುದಕ್ಕೆಂದೇ ಬಂದವರು.

ಅದೇ ಹೊಳೆಯ ಮೇಲಣ ದಡದಲ್ಲಿ, ಹಾಸನದ ತಾಲ್ಲೂಕಿನ ಗೊರೂರಿನಲ್ಲಿ, ರಾಮಸ್ವಾಮಿ ಅಯ್ಯಂಗಾರ್ಯರು (೧೯೦೪-೧೯೯೧) ಹುಟ್ಟಿದರು. ಅಸಹಕಾರದ ಕರೆಗೆ ಓಗೊಟ್ಟು ಪ್ರೌಢಶಾಲೆಯ ವಿದ್ಯೆಯನ್ನು ಬಿಟ್ಟು, ಗುಜರಾತು ವಿದ್ಯಾಪೀಠಕ್ಕೆ ಹೋಗಿ, ಖಾದಿ ಮತ್ತು ಗ್ರಾಮಸೇವೆಯ ಕೆಲಸಕ್ಕೆ ನಿಂತವರು. ೧೯೩೦ರ 'ಹಳ್ಳಿಯ ಚಿತ್ರಗಳು' ಇವರಿಗೆ ಹೆಸರನ್ನು ತಂದಿತು. ಇವರ ಗದ್ಯದ ಸೂತ್ರವು ಜಗಲಿಯ ಮಾತು. ಒಬ್ಬನ ವಿಷಯವನ್ನು ಹೇಳಹೊರಟವರು ನಡುವೆ ಇನ್ನೊಬ್ಬನನ್ನು ನೆನೆದು, ಅವನ ಕಥೆಯನ್ನು ಮುಗಿಸಿ, ಬಿಟ್ಟ ಎಳೆಯನ್ನು ಮತ್ತೆ ಹಿಡಿಯುತ್ತಾರೆ. ಇದನ್ನು ಶೈಥಿಲ್ಯವೆಂದು ಹೇಳಿದ ವಿಮರ್ಶಕರುಂಟು. ಆದರೆ ಈ ದಾರಿತಪ್ಪುವಿಕೆಯು ಎಲ್ಲಿಯೂ ದಾರಿಯನ್ನು ಮರೆತುದಲ್ಲ. ಕೇಳುವವರು ಎದುರಿಗೆ ಕುಳಿತಿದ್ದಾರೆಂಬ ಭಾವನೆಯಿಂದ ಬಂದುದು. 'ಹೇಮಾವತಿ'ಯಲ್ಲಿಯೂ 'ನಮ್ಮ ಊರಿನ ರಸಿಕರು' ಎಂಬುದರಲ್ಲಿಯೂ ಇದೇ ಧಾಟಿ. ಎಪ್ಪತ್ತು ದಾಟಿದ ಮೇಲೆ ಅಮೆರಿಕೆಗೆ ಹೋಗಿಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಆ ಪುಸ್ತಕದ ಹೆಸರೇ ರಚನಾಕ್ರಮವನ್ನು ಹೇಳುತ್ತದೆ: ಗ್ರಂಥಕರ್ತರು ಅಲ್ಲಿಗೂ ತಮ್ಮ ಜಗಲಿಯನ್ನು ಹೊತ್ತುಕೊಂಡು ಹೋಗಿದ್ದರು.

೧೯೦೮ನೆಯ ಇಸವಿಯು ಈ ಸೀಮೆಯ ಚರಿತ್ರೆಯಲ್ಲಿ ವಿಚಿತ್ರವಾದುದು. ಆ ವರ್ಷ ಮೇ ತಿಂಗಳಿನಲ್ಲಿ ಅರಕಲಗೂಡಿನ ಮನೆತನದ ಅ. ನ. ಕೃಷ್ಣರಾಯರು ಕೋಲಾರದಲ್ಲಿ ಹುಟ್ಟಿದರು. ನವೆಂಬರಿನಲ್ಲಿ ರಾಜಾರಾಯರು ಹಾಸನದಲ್ಲಿ ಹುಟ್ಟಿದರು. ಊರಿನ ಹೆಸರನ್ನು ತಲೆಯ ಮೇಲೆ ಹೊತ್ತವರು ಊರಿನ ಹೊರಗೆ ಹುಟ್ಟಿ ಕನ್ನಡಕ್ಕಾಗಿ ಬಾಳೆಲ್ಲ ಹೋರಾಡಿದರು. ಊರಿನಲ್ಲಿಯೇ ಹುಟ್ಟಿದವರು ಕನ್ನಡದಲ್ಲಿ ಆರಂಭಿಸಿ ಇಂಗ್ಲಿಷಿಗೆ ಹೋದರು.

ಕೃಷ್ಣರಾಯರು ಲೇಖನಿಯಿಂದಲೇ ಜೀವಿಸುವೆನೆಂದು ಹೊರಟ ಕನ್ನಡಿಗರಲ್ಲಿ ಮೊದಲಿಗರ ಸಾಲಿನವರು. ನೂರಕ್ಕೂ ಹೆಚ್ಚು ಕಾದಂಬರಿಗಳು, ಅದರ ಮೇಲೆ ನಾಟಕ, ವಿಮರ್ಶೆ, ಜೀವನಚರಿತ್ರೆ, 'ಕನ್ನಡ ನುಡಿ' ಮೊದಲಾದ ಪತ್ರಿಕೆಗಳ ಸಂಪಾದಕತ್ವ, ಊರೂರಿಗೆ ಹೋಗಿ ಭಾಷಣ. ಹೀಗೆ ಬರೆಯುವವನಿಗೆ ತಿದ್ದುವ ಅವಕಾಶವು ಕಡಮೆ. ಅದರ ಗುರುತುಗಳು ಕಾದಂಬರಿಗಳಲ್ಲಿ ಕಾಣದೆ ಇಲ್ಲ. ಆದರೂ ಒಂದು ವಿಷಯದಲ್ಲಿ ಇವರು ಸಮಕಾಲೀನರಿಗಿಂತ ಮುಂದಿದ್ದರು. 'ಸಂಧ್ಯಾರಾಗ'ದಲ್ಲಿ ಸಂಗೀತಗಾರನನ್ನೂ 'ಉದಯರಾಗ'ದಲ್ಲಿ ಚಿತ್ರಕಾರನನ್ನೂ 'ನಟಸಾರ್ವಭೌಮ'ದಲ್ಲಿ ನಟನನ್ನೂ ನಾಯಕರನ್ನಾಗಿ ಮಾಡಿ, ಕಲಾವಿದನ ಸಾಧನೆಯನ್ನೇ ಕನ್ನಡ ಕಾದಂಬರಿಯ ವಸ್ತುವಾಗಿ ನಿಲ್ಲಿಸಿದರು. ಕಲಾವಿದರ ಒಡನಾಟವೇ ಈ ಗ್ರಂಥಗಳಿಗೆ ಆಧಾರಗ್ರಂಥ. 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಇವುಗಳ ವಿಷಯವಾಗಿ ಎದ್ದ ಕೋಲಾಹಲಕ್ಕೆ ಉತ್ತರವಾಗಿ ಅವರು 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಗ್ರಂಥವನ್ನೇ ಬರೆದರು. ೧೯೬೦ರಲ್ಲಿ ಮಣಿಪಾಲದ ಸಾಹಿತ್ಯಸಮ್ಮೇಳನದ ಅಧ್ಯಕ್ಷರಾದರು, ೧೯೭೧ರಲ್ಲಿ ತೀರಿಕೊಂಡರು.

ರಾಜಾರಾಯರದು ಇದಕ್ಕೆ ತದ್ವಿರುದ್ಧವಾದ ಕ್ರಮ. ನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕನು ಅಜ್ಜನೊಡನೆ ಹಾಸನದಲ್ಲಿಯೂ ಹಾರಿಹಳ್ಳಿಯಲ್ಲಿಯೂ ಬೆಳೆದನು. ತಂದೆಯು ಹೈದರಾಬಾದಿನಲ್ಲಿ ಕನ್ನಡದ ಅಧ್ಯಾಪಕರು. ೧೯೨೯ರಲ್ಲಿ ಫ್ರಾನ್ಸಿನ ಮಾಂಪೆಲಿಯೆಗೆ ಹೋದ ರಾಜಾರಾಯರು ೧೯೩೧ರಿಂದ ೧೯೩೩ರ ವರೆಗೆ ಧಾರವಾಡದ 'ಜಯ ಕರ್ನಾಟಕ'ಕ್ಕೆ ಕನ್ನಡದಲ್ಲಿ ಲೇಖನಗಳನ್ನು ಕಳುಹಿಸುತ್ತಿದ್ದರು. ಅವರ ಇಂಗ್ಲಿಷ್ ಗ್ರಂಥಗಳನ್ನು ವಿಮರ್ಶಿಸುವವರು ಈ ಮೂರು ವರ್ಷಗಳನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕನ್ನಡ ಸಾಹಿತ್ಯಚರಿತ್ರೆಯವರು ಅದನ್ನೂ ಮಾಡುವುದಿಲ್ಲ. ಪರದೇಶದಲ್ಲಿದ್ದು ತಾಯ್ನುಡಿಯಲ್ಲಿ ಬರೆಯುವ ಅಭ್ಯಾಸದ ನಡುವೆಯೇ 'ಕಾಂತಾಪುರ'ದ ದಾರಿಯು ತೆರೆದಿರಬೇಕು. ಈ ಕಾದಂಬರಿಯು ಲಂಡನ್ನಿನಲ್ಲಿ ಪ್ರಕಟವಾದುದು ೧೯೩೮ರಲ್ಲಿ.

ಅದರ ಕಥೆಯನ್ನು ಹೇಳುವವಳು ಅಚ್ಚಕ್ಕನೆಂಬ ವೃದ್ಧ ವಿಧವೆ. ಊರಿನ ಸ್ಥಳಪುರಾಣವನ್ನು ಹೇಳುವ ಧಾಟಿಯಲ್ಲಿ, ಉಸಿರು ಬಿಡದೆ, 'ಆಮೇಲೆ', 'ಆಮೇಲೆ' ಎಂದು ಜೋಡಿಸಿ ಹೇಳುತ್ತಾಳೆ. ಗಾಂಧಿಯ ಹೋರಾಟವು ಆ ಊರಿಗೆ ಬರುವುದೂ ಹರಿಕಥೆಯ ಮೂಲಕ. ಹೇಮಾವತಿಯು ಅಲ್ಲಿ 'ಹಿಮವತಿ'ಯಾಗಿದ್ದಾಳೆ. ಗ್ರಾಮದೇವತೆಯಾದ ಕೆಂಚಮ್ಮನು ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ದೇವಿಯನ್ನು ನೆನಪಿಗೆ ತರುತ್ತಾಳೆ. ತನ್ನದಲ್ಲದ ಭಾಷೆಯಲ್ಲಿ ತನ್ನ ಮನೋಧರ್ಮವನ್ನು ಹೇಳುವುದು ಕಷ್ಟವೆಂದು ಗ್ರಂಥಕರ್ತರು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಆ ಮುನ್ನುಡಿಯನ್ನು ಇಂಗ್ಲಿಷಿನ ಸಮಸ್ಯೆಯೆಂದು ಓದುವುದು ವಾಡಿಕೆ. ಕನ್ನಡಿಗನ ದೃಷ್ಟಿಯಿಂದ ನೋಡಿದರೆ ಅದು ಕಿವಿಯ ಸಮಸ್ಯೆ. ಮುದುಕಿಯ ಬಾಯಿಂದ ಕೇಳಿದ ಓಟವು ಗ್ರಂಥಕರ್ತನ ಕಿವಿಯಲ್ಲಿ ನಿಂತಿದೆ. ಕಣ್ಣಿನಿಂದ ಕಲಿತ ಭಾಷೆಯನ್ನು ಆ ಓಟಕ್ಕೆ ಬಗ್ಗಿಸಬೇಕಾಗಿದೆ. ಹಾಸನದಲ್ಲಿಯೇ ಕುಳಿತಿದ್ದರೆ ಆ ದನಿಯನ್ನು ಹೀಗೆ ಬೇರ್ಪಡಿಸಿ ಕೇಳಿಸಿಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಮುಂದಿನ ದೊಡ್ಡ ಕಾದಂಬರಿಯು ಬಂದುದು ೧೯೬೦ರಲ್ಲಿ, ಇಪ್ಪತ್ತೆರಡು ವರ್ಷಗಳ ಬಳಿಕ. ಅಷ್ಟರಲ್ಲಿ ಕೃಷ್ಣರಾಯರ ಕಾದಂಬರಿಗಳು ಒಂದು ಗೂಡನ್ನೇ ತುಂಬಿದ್ದುವು. ೨೦೦೬ರಲ್ಲಿ ಅಮೆರಿಕೆಯ ಆಸ್ಟಿನ್ನಿನಲ್ಲಿ ರಾಜಾರಾಯರು ನಿಧನರಾದರು.

ದೂರದಿಂದ ಊರನ್ನು ಬರೆದ ಮತ್ತೊಬ್ಬರು ಎಸ್. ಎಲ್. ಭೈರಪ್ಪನವರು (೧೯೩೧-೨೦೨೫). ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಬಾಲ್ಯದಲ್ಲಿಯೇ ಪ್ಲೇಗು ಇವರ ತಾಯಿಯನ್ನೂ ಒಡಹುಟ್ಟಿದವರನ್ನೂ ಒಯ್ದಿತು. ತಿರುಗಾಟ, ಕೂಲಿ, ವಾರಾನ್ನ ಇವುಗಳ ನಡುವೆ ಶಾಲೆ ಕಲಿತು, ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನು ಓದಿ, ಹುಬ್ಬಳ್ಳಿ, ಗುಜರಾತು, ದೆಹಲಿ, ಮೈಸೂರುಗಳಲ್ಲಿ ಅಧ್ಯಾಪಕರಾಗಿದ್ದು ೧೯೯೧ರಲ್ಲಿ ನಿವೃತ್ತರಾದರು. 'ನಾನೇಕೆ ಬರೆಯುತ್ತೇನೆ' ಎಂಬ ಪ್ರಬಂಧಸಂಗ್ರಹ ಮತ್ತು ೧೯೯೬ರ ಆತ್ಮಕಥೆ 'ಭಿತ್ತಿ' ಇವು ಈ ಸೀಮೆಯ ಗ್ರಂಥಕರ್ತನೊಬ್ಬನು ತನ್ನ ಕೆಲಸದ ವಿಷಯವಾಗಿ ಕೊಟ್ಟಿರುವ ಅತ್ಯಂತ ವಿಸ್ತಾರವಾದ ಸಾಕ್ಷ್ಯಗಳು. ಗ್ರಂಥಕರ್ತನು ತನ್ನ ವಿಷಯವಾಗಿ ಹೇಳುವುದನ್ನು ಚರಿತ್ರಕಾರನು ಎಚ್ಚರದಿಂದ ಸ್ವೀಕರಿಸಬೇಕೆಂಬುದು ನಿಜವೇ. ಆದರೆ ಗ್ರಂಥಗಳೊಡನೆ ಹೋಲಿಸಿ ನೋಡಲು ಇಲ್ಲಿ ಅವಕಾಶವಿದೆ.

೧೯೬೮ರ 'ತಬ್ಬಲಿಯು ನೀನಾದೆ ಮಗನೆ' ತನ್ನ ಹೆಸರನ್ನೇ ಗೋವಿನ ಹಾಡಿನಿಂದ ಪಡೆದಿದೆ. ಹಳ್ಳಿಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕೇಳಿ ಅಳುತ್ತಿದ್ದ ಹಾಡು ಅದು. ೧೯೭೦ರ 'ಗೃಹಭಂಗ'ವು ಚನ್ನರಾಯಪಟ್ಟಣ ಮತ್ತು ತಿಪಟೂರಿನ ನಡುವಣ ಬಯಲುಸೀಮೆಯ ಹಳ್ಳಿಯ ಬಾಳನ್ನು, ಪ್ಲೇಗಿನ ಮಾರಿಯೊಡನೆ, ಉಪಭಾಷೆಯ ಬಿಗುವಿನೊಡನೆ ಚಿತ್ರಿಸುತ್ತದೆ. ಅದು ಬಂದುದು ಗ್ರಂಥಕರ್ತರು ಉತ್ತರದೇಶದಲ್ಲಿ ವರ್ಷಗಳನ್ನು ಕಳೆದ ತರುವಾಯ. ಆ ಕಾದಂಬರಿಯ ನಂಜಮ್ಮನು ಅಯೋಗ್ಯನಾದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಕುಳಿತು ಬರೆಯುತ್ತಾಳೆ. ಬರೆವಣಿಗೆಯಿಂದ ಸಂಸಾರವನ್ನು ಹಿಡಿದು ನಿಲ್ಲಿಸುವ ಹೆಂಗಸಿನ ಇಂತಹ ಚಿತ್ರವು ಕನ್ನಡದಲ್ಲಿ ವಿರಳ.

'ಪರ್ವ'ದ (೧೯೭೯) ರಚನಾಕ್ರಮವು ಬೇರೆ ಜಾತಿಯದು. ಮಹಾಭಾರತವನ್ನು ದೇವತೆಗಳ ನೆರವಿಲ್ಲದೆ ಮನುಷ್ಯರ ಕಥೆಯಾಗಿ ಹೇಳಬೇಕೆಂಬ ಸಂಕಲ್ಪವು, ಹಿಮಾಲಯದ ಗಢವಾಲದ ಕಡೆ ಒಬ್ಬಳನ್ನು ಅಣ್ಣತಮ್ಮಂದಿರು ಮದುವೆಯಾಗುವ ಪದ್ಧತಿಯು ಜೀವಂತವಾಗಿರುವುದನ್ನು ಕಂಡುದರಿಂದ ಬಲಪಟ್ಟಿತು. ಮೂಲದ ವ್ಯಾಸಂಗ, ವೇದಕಾಲದ ಸಮಾಜವನ್ನು ಕುರಿತ ಗ್ರಂಥಗಳ ಓದು, ಕುರುಕ್ಷೇತ್ರ, ದ್ವಾರಕೆ ಮೊದಲಾದ ಸ್ಥಳಗಳ ಸಂಚಾರ, ಅದಾದ ಮೇಲೆ ಬರೆವಣಿಗೆ. ಹೀಗೆ ವರ್ಷಗಟ್ಟಲೆ ನಡೆದ ಕೆಲಸ. ೧೯೯೮ರ 'ಸಾರ್ಥ', ೨೦೦೨ರ 'ಮಂದ್ರ' ಇವಕ್ಕೂ ಇಂತಹ ಸಿದ್ಧತೆಯೇ ಹಿನ್ನೆಲೆ. ವ್ಯಾಸಂಗವು ಕಲೆಗೆ ಭಾರವಾಯಿತೆಂದು, ಅದರಲ್ಲಿಯೂ ಕೊನೆಕೊನೆಯ ಕಾದಂಬರಿಗಳ ವಿಷಯದಲ್ಲಿ, ಅನೇಕ ವಿಮರ್ಶಕರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪಕ್ಕೆ ಆಧಾರವಿಲ್ಲದೆ ಇಲ್ಲ. 'ಗೃಹಭಂಗ'ಕ್ಕೆ ಯಾವ ಗ್ರಂಥಾಲಯವೂ ಬೇಕಾಗಿರಲಿಲ್ಲವೆಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡತಕ್ಕದ್ದು. ಒಂದು ಕಿವಿಯಲ್ಲಿ ಉಳಿದುದು, ಇನ್ನೊಂದು ಕಾಲಿನಿಂದಲೂ ಕಣ್ಣಿನಿಂದಲೂ ಸಂಪಾದಿಸಿದುದು. ಒಬ್ಬನೇ ಗ್ರಂಥಕರ್ತನಲ್ಲಿ ಎರಡು ಕ್ರಮಗಳೂ ಇದ್ದುವು. ೨೦೧೭ರ 'ಉತ್ತರಕಾಂಡ'ದ ಬಳಿಕ ಅವರು ಕಾದಂಬರಿಯನ್ನು ಬರೆಯಲಿಲ್ಲ. ೨೦೨೫ರ ಸೆಪ್ಟೆಂಬರ್ ೨೪ರಂದು ಬೆಂಗಳೂರಿನಲ್ಲಿ ಕಾಲವಾದರು.

ಅದೇ ವರ್ಷದ ಮೇ ತಿಂಗಳಿನಲ್ಲಿ ಹಾಸನದ ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್' ಎಂಬ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಬಂದಿತು. ೧೯೯೦ರಿಂದ ೨೦೨೩ರ ವರೆಗಿನ ಹನ್ನೆರಡು ಕಥೆಗಳು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿಯವರು. ೧೯೪೮ರಲ್ಲಿ ಹಾಸನದಲ್ಲಿ ಹುಟ್ಟಿದ ಈ ಕಥೆಗಾರ್ತಿಯು ಎಂಬತ್ತರ ದಶಕದಲ್ಲಿ 'ಲಂಕೇಶ್ ಪತ್ರಿಕೆ'ಗೆ ವರದಿಗಾರರಾಗಿದ್ದು, ತರುವಾಯ ಅದೇ ಊರಿನಲ್ಲಿ ವಕೀಲವೃತ್ತಿಯನ್ನು ನಡೆಸಿದವರು. ತಾನು ದೊಡ್ಡ ಸಂಶೋಧನೆಯನ್ನು ನಡೆಸಿ ಬರೆಯುವವಳಲ್ಲ, ತನ್ನ ಎದೆಯೇ ತನಗೆ ಅಧ್ಯಯನದ ಕ್ಷೇತ್ರವೆಂಬ ಅರ್ಥದ ಮಾತನ್ನು ಅವರು ಹೇಳಿದ್ದಾರೆ. ಸಂತೇಶಿವರದವರ ಕ್ರಮಕ್ಕೆ ಇದು ಎದುರುಬದುರು. ಆದರೆ ವಕೀಲರ ಮುಂದೆ ಕುಳಿತ ಹೆಂಗಸು ತನ್ನ ಕಷ್ಟವನ್ನು ಹೇಳುವಾಗ ಕೇಳಿಸಿಕೊಳ್ಳುವುದೂ ಒಂದು ವ್ಯಾಸಂಗವೇ. ಕಾಗದದ ಮೇಲೆ ಅರ್ಜಿಯಾಗಿ ಇಳಿಯುವಾಗ ಬಿಟ್ಟುಹೋಗುವ ಮಾತುಗಳೇ ಕಥೆಗೆ ಬೇಕಾದುವು. ಊರನ್ನು ಬಿಡದೆಯೇ ಊರನ್ನು ಬರೆದವರಾದುದರಿಂದ, ದೂರವೇ ಮುಖ್ಯವೆಂಬ ಊಹೆಗೆ ಇವರೂ ಪ್ರತಿವಾದವಾಗಿ ನಿಲ್ಲುತ್ತಾರೆ.

ಕಿವಿಯು ಕಣ್ಣಿಗಿಂತ ಮೊದಲೆಂಬ ಮಾತೂ ಇವರಲ್ಲಿ ತಲೆಕೆಳಗಾಗಿದೆ. ಮನೆಯಲ್ಲಿ ಕೇಳಿದ ನುಡಿ ಉರ್ದು. ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಮಿಷನರಿಗಳ ಕನ್ನಡ ಶಾಲೆಗೆ ಸೇರಿಸುವಾಗ, ಆರು ತಿಂಗಳಿನೊಳಗೆ ಕನ್ನಡವನ್ನು ಓದಿ ಬರೆಯಲು ಕಲಿಯಬೇಕೆಂಬ ಷರತ್ತನ್ನು ವಿಧಿಸಿದ್ದರು. ಬಾಲಿಕೆಯು ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಕನ್ನಡವು ಆಕೆಗೆ ಅಕ್ಷರವಾಗಿ ಮೊದಲು ಬಂದು, ಆಮೇಲೆ ಹಾಸನದ ಬೀದಿಯಲ್ಲಿಯೂ ನ್ಯಾಯಾಲಯದ ಜಗಲಿಯಲ್ಲಿಯೂ ಮಾತಾಯಿತು.